ಸಮಾಜಕಾರ್ಯದ ವಿದ್ಯಾಭ್ಯಾಸವು ಬೆಳೆದುಬಂದ ಬಗೆ

ದೀನರ ಸೇವೆಗೆ ದಯೆಯೊಂದೇ ಸಾಲದೆ, ಶಿಕ್ಷಣವೂ ಬೇಕೆ? ಬೇಕೆಂದು ನಿಶ್ಚಯಿಸಿ ನ್ಯೂಯಾರ್ಕ್ ನಗರದ ದಾನಧರ್ಮಗಳ ಸಂಘವೊಂದು 1898ರ ಬೇಸಗೆಯಲ್ಲಿ ಆರು ವಾರಗಳ ತರಗತಿಯನ್ನು ತೆರೆಯಿತು. ಅದೇ ಬೆಳೆದು ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಮಾಜಕಾರ್ಯ ಶಾಲೆಯಾಯಿತು. ಮುಂಬಯಿಯಲ್ಲಿ 1936ರಲ್ಲಿ ಸ್ಥಾಪಿತವಾದ ಸರ್ ದೊರಾಬ್ಜಿ ಟಾಟಾ ಶಾಲೆಯು ಪದವೀಧರರಿಗಾಗಿಯೇ ಏರ್ಪಟ್ಟುದು.

ಅಮೇರಿಕೆಯಲ್ಲಾದರೋ ಈ ವಿಷಯದಲ್ಲಿ ವಿವಾದವೇ ಹುಟ್ಟಿತು. ಪದವೀಧರರಿಗೆ ಮಾತ್ರವೇ ಈ ವಿದ್ಯೆಯನ್ನು ಕಲಿಸತಕ್ಕದ್ದೆಂದು ಅಲ್ಲಿಯ ಶಾಲೆಗಳ ಸಂಘವು 1937ರಲ್ಲಿ ಗೊತ್ತುಮಾಡಿತು. ಆದರೆ 1935ರ ಸಾಮಾಜಿಕ ಭದ್ರತೆಯ ಶಾಸನದ ತರುವಾಯ ಗ್ರಾಮಪ್ರಾಂತಗಳಿಗೂ ಕಾರ್ಯಕರ್ತರು ಬೇಕಾಗಿದ್ದರು. ಮತ್ತೆರಡು ವರ್ಷಗಳ ವೆಚ್ಚವು ಬಡ ವಿದ್ಯಾರ್ಥಿಗಳಿಗೆ ಭಾರವಾಗಿದ್ದಿತು. ಆದಕಾರಣ ಸ್ನಾತಕ ತರಗತಿಗಳಲ್ಲಿಯೇ ಕಲಿಸಬೇಕೆಂಬ ಪಕ್ಷದವರು 1942ರಲ್ಲಿ ಬೇರೊಂದು ಸಂಘವನ್ನು ಕಟ್ಟಿದರು. 1952ರಲ್ಲಿ ಎರಡೂ ಸಂಘಗಳು ಬೆರೆತು ಒಂದೇ ಮಂಡಳಿಯಾದುವು. ಆ ಮಂಡಳಿಯು 1974ರಿಂದ ಸ್ನಾತಕ ಶಿಕ್ಷಣಕ್ಕೂ ಮಾನ್ಯತೆಯನ್ನು ಕೊಡಲಾರಂಭಿಸಿತು.

ಒಮ್ಮೆ ಕಲಿತುದನ್ನೇ ಮರಳಿ ಕಲಿಸಬೇಕಾದುದಿಲ್ಲವೆಂಬ ನ್ಯಾಯದಿಂದ, ಸ್ನಾತಕ ಪದವಿಯ ನಾಲ್ಕು ವರ್ಷಗಳನ್ನೂ ಸ್ನಾತಕೋತ್ತರದ ಎರಡು ವರ್ಷಗಳನ್ನೂ ಕೂಡಿಸಿ, ಐದೇ ವರ್ಷಗಳಲ್ಲಿ ಮುಗಿಸುವ ಸಂಯುಕ್ತ ಕ್ರಮವು ಇಂದು ಅಲ್ಲಿಯ ಹಲವು ವಿಶ್ವವಿದ್ಯಾನಿಲಯಗಳಲ್ಲಿ ನಡೆದಿದೆ. ಆದರೂ ಕ್ಷೇತ್ರಾಭ್ಯಾಸವನ್ನು ಬಿಡುವಂತಿಲ್ಲ. ಸ್ನಾತಕ ಪದವಿಗೆ ಕನಿಷ್ಠ 400 ಗಂಟೆ, ಸ್ನಾತಕೋತ್ತರಕ್ಕೆ 900 ಗಂಟೆಗಳ ಕಾಲ ಜನರ ನಡುವೆ ನಿಂತು ದುಡಿಯತಕ್ಕದ್ದೆಂಬುದು ಮಂಡಳಿಯ ನಿಯಮ. ಸೇವಾಭಿಲಾಷೆಯುಳ್ಳ ಬಡವರ ಮಕ್ಕಳಿಗೆ ಒಂದು ವರ್ಷದ ವೆಚ್ಚವನ್ನು ಉಳಿಸಿ, ಸೇವೆಯ ಅನುಭವವನ್ನು ಕಾಯ್ದುಕೊಂಡಿರುವುದೇ ಈ ಕ್ರಮದ ಮೇಲ್ಮೆಯೆಂಬುದನ್ನು ವಾಚಕರು ಮನಗಾಣಬಹುದು.