ಹಾಸನ ಸೀಮೆಯ ಇಂಗ್ಲಿಷು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ನೀವು ಹೋಗಿಯೇ ಇರುತ್ತೀರಿ. ಬೆಟ್ಟದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ತಲೆಯೆತ್ತಿ ಗೊಮ್ಮಟನ ಮುಖವನ್ನು ನೋಡುತ್ತೇವೆ. ಆದರೆ ತಲೆ ತಗ್ಗಿಸಿ ಆತನ ಪಾದದ ಇಕ್ಕೆಲಗಳ ಕಲ್ಲನ್ನು ನೋಡುವವರು ಕಡಮೆ. ಚಾವುಂಡರಾಯನು ಈ ಮೂರ್ತಿಯನ್ನು ಮಾಡಿಸಿದನೆಂಬ ಒಂದೇ ಸಂಗತಿಯನ್ನು ಅಲ್ಲಿ ಕನ್ನಡ, ತಮಿಳು, ಮರಾಠಿ ಎಂಬ ಮೂರು ಭಾಷೆಗಳಲ್ಲಿ ಕೊರೆದಿದ್ದಾರೆ. ಸಂಗತಿ ಒಂದೇ, ಹೆಸರೂ ಒಂದೇ. ಆದರೆ 'ಮಾಡಿಸಿದನು' ಎಂಬ ಕ್ರಿಯಾಪದಕ್ಕೆ ಬಂದಾಗ ಕನ್ನಡ ಕನ್ನಡದಂತೆ ನಡೆದಿದೆ, ತಮಿಳು ತಮಿಳಿನಂತೆ, ಮರಾಠಿ ಮರಾಠಿಯಂತೆ. ಬರೆಸಿದವರಿಗೆ ಒಂದು ಭಾಷೆಯ ಪ್ರತ್ಯಯವನ್ನು ಇನ್ನೊಂದರ ಬಾಲಕ್ಕೆ ಕಟ್ಟಬಾರದೆಂಬ ಎಚ್ಚರವಿತ್ತು.

ನಾವು ದಿನನಿತ್ಯ ಆಡುವ ಇಂಗ್ಲಿಷಿನ ತಪ್ಪುಗಳನ್ನು ಕುರಿತು ಹೇಳಹೊರಟವನು ಗೊಮ್ಮಟನ ಪಾದದಿಂದ ಏಕೆ ಆರಂಭಿಸಿದನೆಂದು ನೀವು ಕೇಳಬಹುದು. ನನ್ನ ಉತ್ತರ ಸರಳವಾದುದು. ನಮ್ಮ ಇಂಗ್ಲಿಷಿನ ತಪ್ಪುಗಳಲ್ಲಿ ಹೆಚ್ಚಿನವು ದಡ್ಡತನದಿಂದ ಹುಟ್ಟಿದವಲ್ಲ; ಅವು ಕನ್ನಡದ ಹೆಜ್ಜೆಗುರುತುಗಳು. ಕನ್ನಡ ವ್ಯಾಕರಣದಲ್ಲಿ ಸರಿಯಾದ ನಡೆಯನ್ನೇ ನಾವು ಇಂಗ್ಲಿಷಿನ ಅಂಗಳದಲ್ಲಿ ನಡೆಯುತ್ತೇವೆ. ಅಲ್ಲಿ ಅದು ತಪ್ಪಾಗುತ್ತದೆ. ಎರಡು ದಾರಿಗಳು ಎಲ್ಲಿ ಅಗಲುತ್ತವೆ ಎಂಬುದನ್ನು ಗುರುತಿಸಿಕೊಂಡವನಿಗೆ ತಪ್ಪನ್ನು ಬಿಡುವುದು ಕಷ್ಟವಲ್ಲ.

ಇಂಗ್ಲಿಷು ನಮ್ಮ ಸೀಮೆಗೆ ಬಂದ ಬಗೆಯನ್ನು ಮೊದಲು ನೋಡೋಣ. 1831ರಿಂದ 1881ರವರೆಗೆ ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಮೇಲಿನ ಕಚೇರಿಯ ಕಾಗದಪತ್ರ ಇಂಗ್ಲಿಷಿನಲ್ಲಿ, ರೈತನ ಮಾತು ಕನ್ನಡದಲ್ಲಿ. ನಡುವೆ ನಿಂತವನು ಗುಮಾಸ್ತ. ಇತ್ತ ಮಂಜರಾಬಾದಿನ ಬೆಟ್ಟಗಳಲ್ಲಿ ಕಾಫಿ ತೋಟದ ದೊರೆಗಳು ನೆಲೆಸಿದರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1833ರಲ್ಲಿ ಇಂಗ್ಲಿಷ್ ಶಾಲೆ ಆರಂಭವಾಗಿತ್ತು. 1857ರಲ್ಲಿ ಸಂಸ್ಥಾನದ ವಿದ್ಯಾ ಇಲಾಖೆ ಹುಟ್ಟಿತು. ಹೀಗೆ ನಮ್ಮ ಹಿರಿಯರಿಗೆ ಇಂಗ್ಲಿಷು ಮೊದಲು ಎದುರಾದದ್ದು ಅಡುಗೆಮನೆಯಲ್ಲೂ ಅಲ್ಲ, ಸಂತೆಯಲ್ಲೂ ಅಲ್ಲ, ಅರ್ಜಿಯಲ್ಲಿ. ಆದಕಾರಣವೇ ಇಂದಿಗೂ ನಮ್ಮ ರಜಾಚೀಟಿಯಲ್ಲಿ 'ಐ ಬೆಗ್ ಟು ಸ್ಟೇಟ್' ಎಂದು ಬೇಡಿಕೊಳ್ಳುತ್ತೇವೆ. ಕೊನೆಗೆ 'ಕೈಂಡ್ಲಿ ಡೂ ದ ನೀಡ್‌ಫುಲ್' ಎಂದು ಕೈಮುಗಿಯುತ್ತೇವೆ. ಇವು ವ್ಯಾಕರಣದ ತಪ್ಪುಗಳಲ್ಲ. ಕಚೇರಿಯ ಹಳೆಯ ಕೋಟು, ಅಷ್ಟೆ. ಕೋಟು ಕೊಟ್ಟವರು ತಾವೇ ಅದನ್ನು ಕಳಚಿಟ್ಟು ಬಹಳ ಕಾಲವಾಯಿತು.

ತಪ್ಪು ಮಾಡಿದವರು ನಾವು ಮಾತ್ರವೆಂದು ಭಾವಿಸಬೇಡಿ. ಕನ್ನಡ ಕಲಿಯಲು ಇಂಗ್ಲಿಷರೂ ತಿಣುಕಬೇಕಾಯಿತು. ಅವರಿಗಾಗಿ ಮೆಕೆರೆಲ್ 1820ರಲ್ಲೂ, ವೆಸ್ಲಿಯನ್ ಮಿಷನ್ನಿನ ಹಾಡ್ಸನ್ 1859ರಲ್ಲೂ ಕನ್ನಡ ವ್ಯಾಕರಣಗಳನ್ನು ಅಚ್ಚು ಹಾಕಿಸಿದರು. ಆದರೂ ನಮ್ಮ ಊರ ಹೆಸರುಗಳು ಅವರ ನಾಲಿಗೆಗೆ ಒಗ್ಗಲಿಲ್ಲ. ಹಾಸನದ ದೀರ್ಘ ಹೋಗಿ, ನಡುವೆ ಎರಡು 'ಎಸ್' ಸೇರಿಕೊಂಡವು. ಹೊಳೆನರಸೀಪುರದ ಮತ್ತು ಅರಕಲಗೂಡಿನ ಕೊನೆಯ ಸ್ವರಗಳು ಉದುರಿದವು. ಆ ಕಾಗುಣಿತ ಇಂದಿಗೂ ನಮ್ಮ ಬೋರ್ಡುಗಳ ಮೇಲಿದೆ. ಅವರ ನಾಲಿಗೆ ಅವರ ಭಾಷೆಯ ದಾರಿಯಲ್ಲಿ ಹೋಯಿತು. ನಮ್ಮ ನಾಲಿಗೆ ನಮ್ಮ ದಾರಿಯಲ್ಲಿ ಹೋಗುತ್ತದೆ. ವ್ಯತ್ಯಾಸವಿಷ್ಟೆ: ಅವರ ತಪ್ಪು ನಕಾಶೆಯಾಯಿತು, ನಮ್ಮ ತಪ್ಪು ನಗೆಪಾಟಲಾಯಿತು. ವಿಟ್‌ವರ್ತ್ ಎಂಬ ಸಿವಿಲ್ ಅಧಿಕಾರಿ ಭಾರತೀಯರು ಇಂಗ್ಲಿಷಿನಲ್ಲಿ ಮಾಡುವ ನುಡಿಗಟ್ಟಿನ ತಪ್ಪುಗಳನ್ನೇ ಆಯ್ದು 1907ರಲ್ಲಿ ಒಂದು ಪುಸ್ತಕ ಬರೆದ. ಆಮೇಲೆ ನೆಸ್‌ಫೀಲ್ಡ್, ರೆನ್ ಮತ್ತು ಮಾರ್ಟಿನ್ ಇವರ ವ್ಯಾಕರಣಗಳನ್ನು ನಮ್ಮ ಹೈಸ್ಕೂಲು ಹುಡುಗರು ಉರು ಹಾಕಿದರು. ಆ ಪುಸ್ತಕಗಳು ಯಾವುದು ತಪ್ಪೆಂದು ಹೇಳಿದವು. ಕನ್ನಡದ ಹುಡುಗ ಆ ತಪ್ಪನ್ನೇ ಏಕೆ ಮಾಡುತ್ತಾನೆಂದು ಹೇಳಲಿಲ್ಲ. ಹೇಳಬೇಕಾದವರು ನಾವು.

ಒಂದೊಂದಾಗಿ ನೋಡೋಣ. 'ನನಗೆ ಇಬ್ಬರು ಅಣ್ಣಂದಿರು ಇದ್ದಾರೆ' ಎನ್ನುತ್ತೇವೆ. ಇಂಗ್ಲಿಷಿನ 'ಹ್ಯಾವ್' ಎಂಬ ಕ್ರಿಯಾಪದ ಕನ್ನಡಕ್ಕಿಲ್ಲ. ನಮ್ಮಲ್ಲಿ ಒಡೆತನವೂ ನಂಟೂ 'ಇರು' ಧಾತುವಿನಿಂದಲೇ ನಡೆಯುತ್ತವೆ. ಆದ್ದರಿಂದ ಇಂಗ್ಲಿಷಿಗೆ ಹೋದಾಗಲೂ ಕೈ 'ಇರು'ವಿಗಾಗಿ ತಡಕುತ್ತದೆ, 'ಆಮ್' ಸಿಗುತ್ತದೆ. 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಹುಟ್ಟುತ್ತದೆ. 'ಗೊತ್ತಿದೆ' ಎಂಬುದರಿಂದ 'ಐ ಆಮ್ ನೋಯಿಂಗ್' ಹುಟ್ಟುವುದೂ ಹೀಗೆಯೇ. ಇರುವುದು, ತಿಳಿದಿರುವುದು, ಇಷ್ಟಪಡುವುದು—ಇಂಥ ಸ್ಥಿತಿಗಳಿಗೆ ಇಂಗ್ಲಿಷು ಸಾಮಾನ್ಯವಾಗಿ 'ಇಂಗ್' ಹಚ್ಚುವುದಿಲ್ಲ. 'ಐ ಹ್ಯಾವ್', 'ಐ ನೋ' ಎಂದರೆ ಸಾಕು.

ಇನ್ನು ನಮ್ಮ 'ಇಂದ' ಪ್ರತ್ಯಯ. ಇದು ಬಹಳ ಉದಾರಿ. 'ಹತ್ತು ವರ್ಷದಿಂದ ಅರಕಲಗೂಡಿನಲ್ಲಿದ್ದೇನೆ' ಎಂದರೂ ಅದೇ, '2010ರಿಂದ ಇದ್ದೇನೆ' ಎಂದರೂ ಅದೇ. ಇಂಗ್ಲಿಷು ಇವೆರಡನ್ನು ಬೇರೆ ಮಾಡುತ್ತದೆ. ಕಾಲದ ಉದ್ದವನ್ನು ಅಳೆಯುವಾಗ 'ಫಾರ್ ಟೆನ್ ಇಯರ್ಸ್'. ಆರಂಭದ ಗೂಟವನ್ನು ತೋರಿಸುವಾಗ 'ಸಿನ್ಸ್ 2010'. ಕ್ರಿಯಾಪದವೂ 'ಐ ಹ್ಯಾವ್ ಲಿವ್ಡ್' ಎಂದಾಗಬೇಕು. 'ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್' ಎನ್ನುವವನು ತನ್ನ 'ಇಂದ'ವನ್ನು ಬಿಡಲಾರದೆ ಜೊತೆಗೆ ಕರೆತಂದಿದ್ದಾನೆ. 'ಬಗ್ಗೆ' ಎಂಬ ಮಾತೂ ಹಾಗೆಯೇ ಹಿಂಬಾಲಿಸುತ್ತದೆ. ಬೆಲೆಯ ಬಗ್ಗೆ ಚರ್ಚಿಸಿದೆವು ಎನ್ನುವ ನಾವು 'ಡಿಸ್ಕಸ್ಡ್ ಅಬೌಟ್ ದ ಪ್ರೈಸ್' ಎನ್ನುತ್ತೇವೆ. 'ಡಿಸ್ಕಸ್' ಎಂಬುದರ ಹೊಟ್ಟೆಯಲ್ಲೇ 'ಬಗ್ಗೆ' ಅಡಗಿದೆ. 'ಡಾಕ್ಟರ ಜೊತೆ ಮದುವೆಯಾಯಿತು' ಎಂಬುದನ್ನು 'ಮ್ಯಾರೀಡ್ ವಿತ್ ಎ ಡಾಕ್ಟರ್' ಎಂದು ಹೇಳುವುದೂ ಬೇಡ. 'ಮ್ಯಾರೀಡ್ ಎ ಡಾಕ್ಟರ್' ಎಂದರೆ ಮದುವೆ ಪೂರ್ತಿಯಾಗುತ್ತದೆ.

ಕೆಲವೆಡೆ ಕನ್ನಡವೇ ನಮ್ಮನ್ನು ಕಾಪಾಡಬಲ್ಲದು. 'ಹಿ ಡಿಡ್ ನಾಟ್ ಕೇಮ್' ಎಂಬ ತಪ್ಪನ್ನು ತೆಗೆದುಕೊಳ್ಳಿ. ಅವನು 'ಬಂದನು', ಆದರೆ 'ಬರಲಿಲ್ಲ'. 'ಇಲ್ಲ' ಬಂದು ಸೇರಿದ ಕೂಡಲೇ 'ಬಂದ' ಎಂಬ ಭೂತರೂಪ ಹಿಂದೆ ಸರಿದು 'ಬರಲು' ನಿಲ್ಲುತ್ತದೆ. ಇಂಗ್ಲಿಷಿನ ನ್ಯಾಯವೂ ಇದೇ: 'ಡಿಡ್ ನಾಟ್' ಬಂದ ಕೂಡಲೇ 'ಕೇಮ್' ಹೋಗಿ 'ಕಮ್' ಉಳಿಯುತ್ತದೆ. ಇನ್ನು 'ಹಿ ಗೋ' ಎನ್ನುವವರಿಗೆ ಒಂದು ಮಾತು. ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ ಎಂದು ಇಷ್ಟು ಬಗೆಯ ಬಾಲಗಳನ್ನು ಮೂರು ವರ್ಷದ ಮಗುವಾಗಿದ್ದಾಗಲೇ ಸಂಭಾಳಿಸಿದವರು ನೀವು. ಇಂಗ್ಲಿಷಿನವನ ಬಳಿ ಉಳಿದಿರುವುದು 'ಹಿ ಗೋಸ್' ಎಂಬಲ್ಲಿನ ಒಂದೇ ಒಂದು ಬಾಲ. ಅದನ್ನೂ ಕಿತ್ತುಕೊಳ್ಳುವುದು ನ್ಯಾಯವೇ?

ಎಲ್ಲ ತಪ್ಪುಗಳೂ ನಕ್ಕು ಬಿಡತಕ್ಕವಲ್ಲ. ಒಂದಂತೂ ಆಪತ್ತಿನದು. 'ನೀನು ನಿನ್ನೆ ಅಲ್ಲಿಗೆ ಹೋಗಲಿಲ್ಲವೇ?' ಎಂದು ಕೇಳಿದರೆ, ಹೋಗದವನು ಕನ್ನಡದಲ್ಲಿ 'ಹೌದು, ಹೋಗಲಿಲ್ಲ' ಎನ್ನುತ್ತಾನೆ. ಕೇಳಿದವನ ಮಾತು ಸರಿ ಎಂಬುದು ಆ 'ಹೌದು'ವಿನ ಅರ್ಥ. ಇಂಗ್ಲಿಷಿನಲ್ಲಿ 'ಯೆಸ್' ಎಂಬುದು ಕೇಳಿದವನ ಮಾತನ್ನು ಒಪ್ಪುವುದಿಲ್ಲ. ನಡೆದ ಸಂಗತಿಯನ್ನು ಒಪ್ಪುತ್ತದೆ. 'ಡಿಡಂಟ್ ಯು ಗೋ?' ಎಂಬುದಕ್ಕೆ ಬರಿಯ 'ಯೆಸ್' ಎಂದರೆ 'ಹೋಗಿದ್ದೆ' ಎಂದಾಯಿತು. ಸಾಕ್ಷಿಕಟ್ಟೆಯಲ್ಲಿ ನಿಂತವನನ್ನು ನೆನೆದುಕೊಳ್ಳಿ. ಔಷಧಿ ತೆಗೆದುಕೊಳ್ಳಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳುವ ವೈದ್ಯರ ಮುಂದೆ ಕುಳಿತ ರೋಗಿಯನ್ನು ನೆನೆದುಕೊಳ್ಳಿ. ಇಂಥಲ್ಲಿ ಒಂಟಿ 'ಯೆಸ್', ಒಂಟಿ 'ನೋ' ಎರಡೂ ಬೇಡ. 'ನೋ, ಐ ಡಿಡ್ ನಾಟ್ ಗೋ' ಎಂದು ಪೂರ್ತಿ ವಾಕ್ಯ ಹೇಳಿಬಿಡುವುದು ಕ್ಷೇಮ.

ಹಾಗಾದರೆ ಕನ್ನಡದ ನೆರಳು ಬಿದ್ದ ಇಂಗ್ಲಿಷೆಲ್ಲ ತಪ್ಪೇ? ಇಲ್ಲಿ ನಮ್ಮ ಜಿಲ್ಲೆಯ ಚರಿತ್ರೆಯೇ ನಮಗೆ ದಾರಿ ತೋರಿಸುತ್ತದೆ. ಹದಿಮೂರನೆಯ ಶತಮಾನದಲ್ಲಿ, ದೋರಸಮುದ್ರದ ಹೊಯ್ಸಳರ ಕಾಲದಲ್ಲಿ, ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ಬರೆದನು. ದೋರಸಮುದ್ರವೆಂದರೆ ಇಂದಿನ ಹಳೇಬೀಡು. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಸಮಾಸದಲ್ಲಿ ಬೆಸೆಯುವುದು ದೋಷ, ಅದು ಅರಿಸಮಾಸ ಎಂದು ಆತ ವಿಧಿಸಿದ. ಆದರೆ ಹಿಂದಿನ ಕವಿಗಳ ಪ್ರಯೋಗದಲ್ಲಿ ನಿಂತ ಸಮಾಸಗಳನ್ನು ಆತ ತಳ್ಳಿಹಾಕಲಿಲ್ಲ. ನಿಯಮವನ್ನು ಬಲ್ಲವರ ಬಳಕೆಯಲ್ಲಿ ನಿಂತದ್ದು ಪ್ರಯೋಗ. ಅರಿಯದೆ ಜಾರಿದ್ದು ದೋಷ. ಏಳುನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ವಿವೇಕ ಇಂದಿನ ಇಂಗ್ಲಿಷಿಗೂ ಸಲ್ಲುತ್ತದೆ.

ಅದಕ್ಕೆ ಸಾಕ್ಷಿಯೂ ಹಾಸನದಲ್ಲೇ ಹುಟ್ಟಿತು. ಇಂಗ್ಲಿಷ್ ಕಾದಂಬರಿಕಾರ ರಾಜಾ ರಾವ್ 1908ರಲ್ಲಿ ಹಾಸನದಲ್ಲಿ ಜನಿಸಿದವರು. ತಂದೆ ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದವರು. ಮಗ ಹೈದರಾಬಾದಿನಲ್ಲಿ ಓದಿ, ಮುಂದೆ ಫ್ರಾನ್ಸಿಗೆ ಹೋದರು. 1938ರಲ್ಲಿ ಲಂಡನ್ನಿನಲ್ಲಿ ಅವರ 'ಕಾಂತಾಪುರ' ಪ್ರಕಟವಾಯಿತು. ನಮ್ಮ ಕಡೆಯ ಒಂದು ಹಳ್ಳಿಗೆ ಗಾಂಧೀಜಿಯ ಚಳವಳಿ ಬಂದ ಕಥೆಯದು. ಹೇಳುವವಳು ಊರಿನ ಒಬ್ಬ ಅಜ್ಜಿ. ಆ ಅಜ್ಜಿ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ, ಆದರೆ ಜಗಲಿಯ ಮೇಲೆ ಕುಳಿತು ಕನ್ನಡದಲ್ಲಿ ಹೇಳುವಂತೆಯೇ ವಾಕ್ಯಕ್ಕೆ ವಾಕ್ಯ ಹೆಣೆಯುತ್ತ ಹೋಗುತ್ತಾಳೆ. ನಾವು ಇಂಗ್ಲಿಷರಂತೆ ಬರೆಯಲಾರೆವು, ಬರೆಯಲೂಬಾರದು, ನಮ್ಮ ಬದುಕಿನ ಓಟ ನಮ್ಮ ಇಂಗ್ಲಿಷಿನಲ್ಲಿ ಬರಬೇಕು ಎಂಬ ಭಾವವನ್ನು ಅವರು ಅದರ ಮುನ್ನುಡಿಯಲ್ಲಿ ಹೇಳಿದ್ದಾರೆ. ಇದು ವ್ಯಾಕರಣ ಬಾರದವನ ಸಮಜಾಯಿಷಿಯಲ್ಲ; ಎರಡೂ ಮನೆಗಳ ಬೀಗದ ಕೈ ಬಲ್ಲವನ ಮಾತು.

ಅದೇ ಎಚ್ಚರದ ಇನ್ನೊಂದು ರೂಪ ಹೊಳೆನರಸೀಪುರದಲ್ಲಿದೆ. ಹಿಂದೆ ಶಾಲಾ ಉಪಾಧ್ಯಾಯರಾಗಿದ್ದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿಗಳು ಅಲ್ಲಿಯ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಮೂಲಕ ಕನ್ನಡ, ಸಂಸ್ಕೃತ, ಇಂಗ್ಲಿಷ್ ಮೂರರಲ್ಲಿಯೂ ವೇದಾಂತ ಗ್ರಂಥಗಳನ್ನು ಹೊರತಂದರು. ಹೇಮಾವತಿಯ ದಂಡೆಯ ಒಂದು ಸಣ್ಣ ಊರು ಮೂರು ಭಾಷೆಗಳಿಗೂ ಅವುಗಳದೇ ಮಣೆ ಹಾಕಿ ಕೂರಿಸಿತು.

ಆದ್ದರಿಂದ ಮನೆಯಲ್ಲಿ ಮಕ್ಕಳ ಇಂಗ್ಲಿಷನ್ನು ತಿದ್ದುವಾಗ ಎರಡು ರಾಶಿ ಮಾಡಿಕೊಳ್ಳಿ. ಅರ್ಥ ಕೆಡಿಸುವ ತಪ್ಪು ಒಂದು ರಾಶಿ: 'ಯೆಸ್' 'ನೋ'ಗಳ ಅದಲುಬದಲು, 'ಸಿನ್ಸ್' 'ಫಾರ್'ಗಳ ಗೊಂದಲ, ಕಾಲದ ಏರುಪೇರು. ಇವನ್ನು ತಾಳ್ಮೆಯಿಂದ ತಿದ್ದಿ. ತಿದ್ದುವಾಗ ಕನ್ನಡ ವಾಕ್ಯವನ್ನು ಪಕ್ಕದಲ್ಲಿಟ್ಟು ಎಲ್ಲಿ ದಾರಿ ಅಗಲಿತೆಂದು ತೋರಿಸಿ. ನಮ್ಮ ಸೌಜನ್ಯ ಹೊತ್ತು ಬಂದ ಮಾತು ಇನ್ನೊಂದು ರಾಶಿ. ಹೊರಡುವ ನೆಂಟ 'ಐ ವಿಲ್ ಗೋ ಅಂಡ್ ಕಮ್' ಎಂದರೆ ಲಂಡನ್ನಿನವನಿಗೆ ಅಚ್ಚರಿಯಾದೀತು. ಆದರೆ 'ಹೋಗುತ್ತೇನೆ' ಎನ್ನಬಾರದು, 'ಹೋಗಿ ಬರುತ್ತೇನೆ' ಎನ್ನಬೇಕೆಂದು ಕಲಿಸಿದ ತಾಯಿಯ ಧ್ವನಿ ಅದರಲ್ಲಿದೆ. ಪರೀಕ್ಷೆಯ ಹಾಳೆಯಲ್ಲಿ ಅದು ಬೇಡ. ಬಾಗಿಲ ಬಳಿ ಇರಲಿ.

2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ತೊಡಗಿದರು. ಅಷ್ಟು ಬೇಗ ಆರಂಭಿಸಿದ ಮಗುವೂ ಹದಿನೆಂಟನೆಯ ವಯಸ್ಸಿನಲ್ಲಿ ಕೆಲಸದ ಸಂದರ್ಶನಕ್ಕೆ ಹೋಗಿ, ಉತ್ತರ ಗೊತ್ತಿದ್ದೂ, ತಪ್ಪಾದೀತೆಂಬ ಅಂಜಿಕೆಯಿಂದ ಬಾಯಿ ಬಿಡದೆ ಮರಳುವುದುಂಟು. ವ್ಯಾಕರಣದ ತಪ್ಪಿಗಿಂತ ಆ ಮೌನ ದೊಡ್ಡ ನಷ್ಟ. ಅಂಥ ಮಗುವಿಗೆ ಹೇಳಿ: ನಿನ್ನ ತಪ್ಪಿಗೆ ಕಾರಣವಿದೆ, ಆ ಕಾರಣದ ಹೆಸರು ಕನ್ನಡ, ಅದು ನಾಚಿಕೆಪಡುವಂಥದಲ್ಲ. ರೇಡಿಯೋ ಮುಂದೆ ಕೂರಿಸಿ ಇಂಗ್ಲಿಷ್ ವಾರ್ತೆಯನ್ನೂ ಕನ್ನಡ ವಾರ್ತೆಯನ್ನೂ ಒಂದರ ಹಿಂದೊಂದು ಕೇಳಿಸಿ. ಒಂದೇ ಸುದ್ದಿ ಎರಡು ಭಾಷೆಗಳಲ್ಲಿ ಹೇಗೆ ಬೇರೆ ಬೇರೆ ಹೆಜ್ಜೆ ಹಾಕುತ್ತದೆಂಬುದು ಕಿವಿಗೆ ತಾನಾಗಿ ಹತ್ತುತ್ತದೆ.

ಮುಂದಿನ ಸಲ ಬೆಳಗೊಳಕ್ಕೆ ಹೋದಾಗ ಮಕ್ಕಳನ್ನು ಕರೆದೊಯ್ಯಿರಿ. ಗೊಮ್ಮಟನ ಮುಖ ನೋಡಿಯಾದ ಮೇಲೆ ಪಾದದ ಬಳಿಯ ಆ ಮೂರು ಬರಹಗಳನ್ನೂ ತೋರಿಸಿರಿ.