ದುರ್ಗವೂ ತೀರ್ಥವೂ: ಮಾಗಡಿ ಸೀಮೆಯ ಬೆಟ್ಟಗಳು ಮತ್ತು ಶಿವಗಂಗೆ

ಬೆಂಗಳೂರಿನ ಪಶ್ಚಿಮಕ್ಕೂ ನೈರುತ್ಯಕ್ಕೂ ಹರಡಿರುವ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ತಾಲ್ಲೂಕುಗಳ ಪ್ರದೇಶವು ಬೆಟ್ಟಗಳ ನಾಡು. ಸಮತಟ್ಟಾದ ಹೊಲಗಳ ನಡುವೆ ಹಠಾತ್ತಾಗಿ ಎದ್ದುನಿಂತ ಇಲ್ಲಿನ ಬೋಳುಬಂಡೆಗಳು ಭೂವಿಜ್ಞಾನಿಗಳಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರಿನಿಂದ ಪರಿಚಿತವಾಗಿವೆ. ಮೈಸೂರಿನ ಮೊದಲ ರೆಸಿಡೆಂಟನಾದ ಬ್ಯಾರಿ ಕ್ಲೋಸನ ನೆನಪಿಗಾಗಿ ರಾಮನಗರಕ್ಕೆ ಹಿಂದೆ ಇದ್ದ ಹೆಸರೇ ಕ್ಲೋಸ್‌ಪೇಟೆ. ಇಂತಹ ಬಂಡೆಯ ಮೇಲೆ ನೇಗಿಲು ಓಡದು, ಊರು ಬೆಳೆಯದು. ಆದುದರಿಂದ ಇದನ್ನು ಅರಸಿ ಬಂದವರು ಮುಖ್ಯವಾಗಿ ಎರಡು ಬಗೆಯವರು: ಶತ್ರುವಿನಿಂದ ರಕ್ಷಣೆಯನ್ನು ಬಯಸಿದ ಪಾಳೆಯಗಾರರು ಒಂದು ಕಡೆ, ಸಂಸಾರದಿಂದ ಬಿಡುಗಡೆಯನ್ನು ಬಯಸಿದ ತಪಸ್ವಿಗಳು ಇನ್ನೊಂದು ಕಡೆ. ಮೊದಲಿನವರಿಂದ ದುರ್ಗಗಳಾದುವು, ಎರಡನೆಯವರಿಂದ ತೀರ್ಥಗಳಾದುವು.

ಈ ಲೇಖನದಲ್ಲಿ ವಿಚಾರಮಾಡಬೇಕೆಂದಿರುವುದು ಒಂದೇ ಪ್ರಶ್ನೆ. ಮಾಗಡಿಯ ಕೆಂಪೇಗೌಡರ ವಂಶದವರಿಗೆ ಎರಡು ಬೆಟ್ಟಗಳು ಮುಖ್ಯವಾಗಿದ್ದುವು. ಸಾವನದುರ್ಗವು ಅವರ ಬಲದ ನೆಲೆ. ಶಿವಗಂಗೆಯು ಅವರ ಭಕ್ತಿಯ ನೆಲೆ. ಇವುಗಳಲ್ಲಿ ಮೊದಲನೆಯದು ಪಾಳುಬಿದ್ದು ಕಾಡಾಯಿತು. ಎರಡನೆಯದು ಇಂದಿಗೂ ಜನರಿಂದ ತುಂಬಿರುವುದು. ಇದಕ್ಕೆ ಕಾರಣವೇನು? ಶಿವಗಂಗೆಯನ್ನು ಹತ್ತುವ ಪ್ರವಾಸಿಯು ಇದಕ್ಕೆ ಉತ್ತರವನ್ನು ಎಲ್ಲಿ ಹುಡುಕಬೇಕು?

ಆಡಳಿತದ ವಿಭಾಗದಂತೆ ಶಿವಗಂಗೆಯು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿಗೆ ಸೇರಿದೆ. ಮಾಗಡಿಯಾದರೋ 2007ರಲ್ಲಿ ರಚಿತವಾದ ರಾಮನಗರ ಜಿಲ್ಲೆಗೆ ಸೇರಿತು; ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರಾಯಿತು. ಈ ಗೆರೆಗಳು ನಿನ್ನೆ ಮೊನ್ನೆಯವು. ಇತಿಹಾಸದಲ್ಲಿ ಶಿವಗಂಗೆಯು ಮಾಗಡಿ ಸೀಮೆಯಿಂದ ಬೇರೆಯಾದುದಲ್ಲ.

ಮೊದಲು ದುರ್ಗದ ಕಥೆಯನ್ನು ನೋಡೋಣ. ಸಾವನದುರ್ಗವು ಮಾಗಡಿಯ ಸಮೀಪದಲ್ಲಿ ಸಮುದ್ರಮಟ್ಟದಿಂದ ಸುಮಾರು 4,000 ಅಡಿ ಎತ್ತರಕ್ಕೆ ಏರಿರುವ ಬೃಹತ್ ಶಿಲೆ. ಕರಿಬೆಟ್ಟ, ಬಿಳಿಬೆಟ್ಟ ಎಂಬ ಎರಡು ಶಿಖರಗಳು ಇದಕ್ಕಿವೆ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ವಂಶವು ಮಾಗಡಿಯನ್ನು ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡಿತು. ಸಾವನದುರ್ಗವು ಅದರ ಕಾವಲುಕೋಟೆಯಾಯಿತು. 1728ರಲ್ಲಿ ದೊಡ್ಡ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸೈನ್ಯವು ಮಾಗಡಿಯನ್ನೂ ಸಾವನದುರ್ಗವನ್ನೂ ಗೆದ್ದುಕೊಂಡಿತು. ವಂಶದ ಕೊನೆಯ ಪ್ರಭುವು ಶ್ರೀರಂಗಪಟ್ಟಣದ ಸೆರೆಯಲ್ಲಿ ಮಡಿದನು. ಮುಂದೆ ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯವು ಇದನ್ನು ಮುತ್ತಿ, ಫಿರಂಗಿಗಳಿಂದ ಗೋಡೆಯನ್ನು ಒಡೆದು, 1791ನೆಯ ಡಿಸೆಂಬರ್ 21ರಂದು ಹಗಲಿನಲ್ಲಿಯೇ ಏರಿಬಂದು ಹಿಡಿಯಿತು. ಅಭೇದ್ಯವೆಂದು ಹೆಸರಾದ ಕೋಟೆಯು ಕೊನೆಯ ದಾಳಿಯಲ್ಲಿ ಒಂದು ಗಂಟೆಯ ಕಾಲವೂ ನಿಲ್ಲಲಿಲ್ಲ. ಅದು ಬಿದ್ದೊಡನೆ ರಾಮಗಿರಿ, ಹುತ್ರಿದುರ್ಗಗಳೂ ಕೆಲವೇ ದಿನಗಳಲ್ಲಿ ಶತ್ರುವಶವಾದುವು.

ಆ ಸೈನ್ಯದ ಜೊತೆಯಲ್ಲಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಸಾವನದುರ್ಗ, ರಾಮಗಿರಿಗಳ ದೃಶ್ಯಗಳನ್ನು ಬರೆದು 1794ರಲ್ಲಿ ಪ್ರಕಟಿಸಿದನು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿದಾಗ ಅವನ ಗಮನವನ್ನು ಸೆಳೆದ ಸಂಗತಿಗಳಲ್ಲಿ ಇಲ್ಲಿನ ಕಾಡುಮರಗಳು ಮುಖ್ಯವಾದುವು. ಕೋಟೆಯ ಕಾಲವು ಮುಗಿದು ಕಾಡಿನ ಕಾಲವು ಆರಂಭವಾಗಿದ್ದಿತು.

ಆದರೆ ಇಲ್ಲಿ ಒಂದು ಅಂಶವನ್ನು ಗಮನಿಸತಕ್ಕದ್ದು. ಸಾವನದುರ್ಗದ ಕೋಟೆಯು ಪಾಳಾದರೂ ಅದರ ಬುಡದಲ್ಲಿರುವ ಸಾವಂದಿ ವೀರಭದ್ರನ ಮತ್ತು ನರಸಿಂಹನ ಗುಡಿಗಳಲ್ಲಿ ಪೂಜೆ ನಿಲ್ಲಲಿಲ್ಲ. ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗವು ಹೈದರ್, ಟಿಪ್ಪುಗಳ ಕಾಲದಲ್ಲಿ ರಾಜಕೀಯ ಕೈದಿಗಳ ಸೆರೆಮನೆಯಾಗಿ ಭೀತಿಯನ್ನು ಹುಟ್ಟಿಸಿದ್ದ ಸ್ಥಳ. ಇಂದು ಅಲ್ಲಿಗೆ ಸಾವಿರಾರು ಜನರು ಹೋಗುವುದು ಕಬ್ಬಾಳಮ್ಮನ ದರ್ಶನಕ್ಕಾಗಿ. ರಾಮಗಿರಿಯ ಕೋಟೆ ಅಳಿದರೂ ರಾಮದೇವರ ಬೆಟ್ಟವೆಂಬ ಹೆಸರು ಅಳಿಯಲಿಲ್ಲ. ಆ ಬೆಟ್ಟವು 2012ರಲ್ಲಿ ರಣಹದ್ದುಗಳ ಅಭಯಧಾಮವಾಗಿ ಘೋಷಿತವಾದ ಮೇಲೆಯೂ ದೇವರ ಗುಡಿಗೆ ಹೋಗುವವರು ಹೋಗುತ್ತಲೇ ಇದ್ದಾರೆ. ಒಂದೇ ಬಂಡೆಯ ಮೇಲೆ ದುರ್ಗವೂ ತೀರ್ಥವೂ ಇದ್ದಾಗ ಉಳಿದದ್ದು ತೀರ್ಥವೇ ಎಂಬುದಕ್ಕೆ ಈ ಮೂರು ಸಾಕ್ಷ್ಯಗಳು ಸಾಕು.

ಇನ್ನು ಶಿವಗಂಗೆ. ಮಾಗಡಿಯ ಉತ್ತರ ದಿಕ್ಕಿನಲ್ಲಿ ಸುಮಾರು 4,500 ಅಡಿ ಎತ್ತರದ ಈ ಬೆಟ್ಟಕ್ಕೆ ಪುರಾಣದಲ್ಲಿ ಕಕುದ್ಗಿರಿಯೆಂದು ಹೆಸರು. ಕಕುದ್ ಎಂದರೆ ಎತ್ತಿನ ಇಣಿ. ಪೂರ್ವದಿಂದ ನೋಡಿದರೆ ನಂದಿಯಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ಇದು ಕಾಣುವುದೆಂದು ಭಕ್ತರು ಹೇಳುತ್ತಾರೆ. ನೋಡುವವನು ನಿಂತ ಕಡೆಯಿಂದ ಬೆಟ್ಟದ ರೂಪವು ಬದಲಾಗುವುದೆಂಬ ಈ ಮಾತು ಇದರ ಇತಿಹಾಸಕ್ಕೂ ಅನ್ವಯಿಸುತ್ತದೆ.

ಉತ್ತರದ ಮುಖದಲ್ಲಿರುವ ಊರಿನಿಂದ ಮೆಟ್ಟಿಲುಗಳು ಆರಂಭವಾಗುತ್ತವೆ. ಗಂಗಾಧರೇಶ್ವರನ ಮತ್ತು ಹೊನ್ನಾದೇವಿಯ ಗುಡಿಗಳು ಸಹಜವಾದ ಗವಿಗಳನ್ನೇ ಗರ್ಭಗೃಹಗಳನ್ನಾಗಿ ಮಾಡಿಕೊಂಡು ಬೆಳೆದವು. ಮುಂದೆ ದೊಡ್ಡ ಬಂಡೆಯ ಅಡಿಯಲ್ಲಿ ನೀರು ನಿಂತಿರುವ ಪಾತಾಳಗಂಗೆ; ಅನಂತರ ಒಳಕಲ್ಲಿನಂತಹ ಕುಳಿಯಲ್ಲಿ ಕೈಯಿಟ್ಟು ನೀರನ್ನು ಮುಟ್ಟಿದವರು ಪುಣ್ಯವಂತರೆಂದು ನಂಬಿಕೆಯಿರುವ ಒಳಕಲ್ಲು ತೀರ್ಥ; ಅದಕ್ಕೂ ಮೇಲೆ ಕಡಿದಾದ ಬಂಡೆಯ ತುದಿಯಲ್ಲಿ ಕಡೆದ ನಂದಿ; ಶಿಖರದಲ್ಲಿ ತೀರ್ಥದ ಕಂಬ. ಮಕರಸಂಕ್ರಾಂತಿಯಂದು ಕಂಬದ ಬುಡದಲ್ಲಿ ಒಸರುವ ನೀರನ್ನು ತಂದು ಗಿರಿಜಾಕಲ್ಯಾಣವನ್ನು ನಡೆಸುವುದು ಇಲ್ಲಿನ ಮುಖ್ಯ ಉತ್ಸವ. ಈ ಸೋಪಾನಕ್ರಮದಲ್ಲಿ ಹೆಚ್ಚಿನ ನಿಲುಗಡೆಗಳು ನೀರಿಗೆ ಸಂಬಂಧಿಸಿದುವೆಂಬುದು ಗಮನಾರ್ಹ. ಬೋಳುಬಂಡೆಯ ನಾಡಿನಲ್ಲಿ ಎತ್ತರದಲ್ಲಿ ಸಿಗುವ ನೀರೇ ಪವಾಡ. ಶಿವನ ಜಟೆಯಲ್ಲಿ ಗಂಗೆಯೆಂಬ ಕಲ್ಪನೆಗೆ ಇದಕ್ಕಿಂತ ತಕ್ಕ ಸ್ಥಳ ದೊರೆಯದು.

ಮೆಟ್ಟಿಲುಗಳ ವಿಷಯದಲ್ಲಿ ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಒಂದು ನಂಬಿಕೆಯನ್ನು ದಾಖಲಿಸಿದ್ದಾರೆ. ಇಲ್ಲಿಂದ ಕಾಶಿಗೆ ಎಷ್ಟು ಯೋಜನಗಳೋ ಈ ಬೆಟ್ಟಕ್ಕೆ ಅಷ್ಟು ಮೆಟ್ಟಿಲುಗಳು. ಆದುದರಿಂದ ಇದನ್ನು ಹತ್ತಿದವನಿಗೆ ಕಾಶಿಯಾತ್ರೆಯ ಫಲ. ದಕ್ಷಿಣಕಾಶಿ ಎಂಬ ಹೆಸರಿನ ಅರ್ಥ ಇದೇ. ಕಾಶಿಗೆ ಹೋಗಲು ಧನವೂ ಕಾಲವೂ ಇಲ್ಲದ ರೈತನಿಗೆ ಒಂದು ದಿನದಲ್ಲಿ ಆ ಯಾತ್ರೆಯನ್ನು ಮುಗಿಸುವ ಅವಕಾಶವನ್ನು ಈ ಎಣಿಕೆ ಒದಗಿಸಿತು.

ಈ ಬೆಟ್ಟವು ಯಾವ ಒಂದು ಪಂಥಕ್ಕೂ ಮೀಸಲಾಗಿರಲಿಲ್ಲ. ಮೇಲಣಗವಿ ಮಠವು ವೀರಶೈವ ಪರಂಪರೆಯದು. ಹೆಸರೇ ಸೂಚಿಸುವಂತೆ ಅದು ಮೇಲಿನ ಗವಿಯನ್ನು ಆಶ್ರಯಿಸಿ ಬೆಳೆದ ಮಠ. ಶೃಂಗೇರಿಯ ಪರಂಪರೆಗೆ ಸೇರಿದ ಶಾರದಾಪೀಠವೂ ಶಿವಗಂಗೆಯಲ್ಲಿ ನೆಲೆಗೊಂಡಿತು. ಬೆಟ್ಟದ ಮೇಲಿನ ಮಠವೆಂದರೆ ಲೋಕವನ್ನು ಬಿಟ್ಟ ಸ್ಥಳವೆಂದು ಪ್ರವಾಸಿಯು ಸಾಮಾನ್ಯವಾಗಿ ಭಾವಿಸುತ್ತಾನೆ. ವಾಸ್ತವದಲ್ಲಿ ಬಂಡೆಯ ಮೇಲೆ ರಾಗಿ ಬೆಳೆಯುವುದಿಲ್ಲ. ಮಠದ ಒಲೆಯು ಉರಿಯಬೇಕಾದರೆ ಬಯಲಿನ ಹಳ್ಳಿಗಳ ಶಿಷ್ಯರು ಕಾಣಿಕೆಯನ್ನು ಹೊತ್ತು ಮೇಲೇರಬೇಕು. ಹಾಗೆ ಬಂದವರಿಗೆ ಮಠವು ಅನ್ನವನ್ನೂ ಉಪದೇಶವನ್ನೂ ಕೊಡಬೇಕು. ಈ ಕೊಡುಕೊಳುವಿಕೆಯೇ ಮಠದ ಜೀವ.

ಇವೆಲ್ಲಕ್ಕೂ ಹಿಂದಿನ ಒಂದು ಸಾಕ್ಷ್ಯವು ನಮಗೆ ದೊರೆಯುವುದು ಶಿವಗಂಗೆಯಲ್ಲಲ್ಲ, ಶ್ರವಣಬೆಳಗೊಳದಲ್ಲಿ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯಾದ ಶಾಂತಲದೇವಿಯು ಕ್ರಿ.ಶ. 1131ರಲ್ಲಿ ಶಿವಗಂಗೆಯಲ್ಲಿ ದೇಹವನ್ನು ಬಿಟ್ಟಳೆಂದು ಅಲ್ಲಿನ ಶಾಸನವು ಹೇಳುತ್ತದೆ. ಆಕೆಯ ತಂದೆ ಮಾರಸಿಂಗಯ್ಯನು ಶೈವ, ತಾಯಿ ಮಾಚಿಕಬ್ಬೆ ಜೈನಳು. ಶಾಂತಲೆಯು ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ. 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. ಮಗಳ ಮರಣದ ಅನಂತರ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು, ಸನ್ಯಸನ ವಿಧಿಯಿಂದ ಪ್ರಾಣವನ್ನು ಬಿಟ್ಟ ಸಂಗತಿಯನ್ನೂ ಶಾಸನವು ತಿಳಿಸುತ್ತದೆ.

ಆದರೆ ಇಂದು ಬೆಟ್ಟವನ್ನು ಹತ್ತುವವರಿಗೆ ಮೊದಲು ಕೇಳಿಬರುವ ಕಥೆ ಬೇರೆ. ನಂದಿಯಿಂದಾಚೆಯ ಒಂದು ಪ್ರಪಾತವನ್ನು ತೋರಿಸಿ, ಮಕ್ಕಳಿಲ್ಲದ ದುಃಖದಿಂದ ರಾಣಿಯು ಇಲ್ಲಿಂದ ಧುಮುಕಿದಳೆಂದು ಹೇಳುತ್ತಾರೆ. ಆ ಸ್ಥಳಕ್ಕೆ ಶಾಂತಲಾ ಡ್ರಾಪ್ ಎಂಬ ಇಂಗ್ಲಿಷ್ ಹೆಸರೇ ಅಂಟಿಕೊಂಡಿದೆ. ಶಾಸನದಲ್ಲಿ ಧುಮುಕಿದ ಮಾತಿಲ್ಲ. ಅದು ಶಿವಗಂಗೆಯನ್ನು ತೀರ್ಥವೆಂದು ಕರೆದು, ಅಲ್ಲಿ ಆಕೆ ಮುಡಿಪಿದಳೆಂದು ಹೇಳುತ್ತದೆ. ಬೆಳಗೊಳದ ಶಾಸನಗಳಲ್ಲಿ ವ್ರತದಿಂದ ದೇಹವನ್ನು ತ್ಯಜಿಸಿದವರ ವಿಷಯದಲ್ಲಿ ಈ ಕ್ರಿಯಾಪದವು ಮತ್ತೆ ಮತ್ತೆ ಬರುತ್ತದೆ. ತಾಯಿಯು ಅನುಸರಿಸಿದ ದಾರಿಯನ್ನೂ, ಮಗಳ ಗುರುಪರಂಪರೆಯನ್ನೂ ಕೂಡಿಸಿ ನೋಡಿದರೆ, ಶಾಸನದ ರಾಣಿಯು ಹತಾಶೆಯಿಂದ ಹಾರಿದವಳಲ್ಲ, ತೀರ್ಥವೆಂದು ಅರಿತು ಬಂದು ತನ್ನ ಧರ್ಮದಂತೆ ಬಾಳನ್ನು ಮುಗಿಸಿದವಳು ಎಂದು ತಿಳಿಯುವುದೇ ಯುಕ್ತ.

ಇದು ಪಂಡಿತರ ನಡುವಿನ ಶಬ್ದಚರ್ಚೆಯೆಂದು ತಳ್ಳಿಹಾಕತಕ್ಕ ವಿಷಯವಲ್ಲ. ಧುಮುಕಿದ ಕಥೆಯನ್ನು ಒಪ್ಪಿದರೆ ನಾವು ಎರಡನ್ನು ಕಳೆದುಕೊಳ್ಳುತ್ತೇವೆ. ಒಂದು, ದೇವಾಲಯಗಳನ್ನು ಕಟ್ಟಿಸಿ ಗುರುವನ್ನು ಸೇವಿಸಿದ ಒಬ್ಬ ಸ್ತ್ರೀಯ ನಂಬಿಕೆ ಮತ್ತು ನಿರ್ಧಾರ; ಅವಳ ಬಾಳೆಲ್ಲ ಒಂದು ಕೊರಗಿಗೆ ಇಳಿದುಬಿಡುತ್ತದೆ. ಎರಡು, 12ನೆಯ ಶತಮಾನದಲ್ಲಿ ಶಿವನ ಹೆಸರಿನ ಬೆಟ್ಟವು ಒಬ್ಬ ಜೈನ ರಾಣಿಗೂ ತೀರ್ಥವಾಗಿದ್ದಿತೆಂಬ ಅಮೂಲ್ಯ ಸಂಗತಿ. ಶೈವ ತಂದೆಯ, ಜೈನ ತಾಯಿಯ ಮಗಳು ಕೊನೆಯುಸಿರಿಗೆ ಈ ಸ್ಥಳವನ್ನು ಸೇರಿದುದು ಆ ಕಾಲದ ಧರ್ಮಜೀವನವನ್ನು ಹೇಳುವಷ್ಟು ಸ್ಪಷ್ಟವಾಗಿ ಯಾವ ಗ್ರಂಥವೂ ಹೇಳಲಾರದು.

ಹಾಗೆಂದು ಐತಿಹ್ಯಗಳೆಲ್ಲ ತ್ಯಾಜ್ಯವಲ್ಲ. ಗಂಗಾಧರೇಶ್ವರನ ಗರ್ಭಗೃಹದಿಂದ ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯವರೆಗೆ ಸುರಂಗವಿದೆಯೆಂಬ ಕಥೆಯನ್ನು ತೆಗೆದುಕೊಳ್ಳೋಣ. ಅಷ್ಟು ದೂರದ ಸುರಂಗವನ್ನು ಇತಿಹಾಸಕಾರನು ಒಪ್ಪಲಾರನು. ಆದರೆ ಎರಡು ಗವಿಗಳಲ್ಲಿಯೂ ದೇವರ ಹೆಸರು ಒಂದೇ. ಎರಡು ಕಡೆಯಲ್ಲಿಯೂ ಜನರು ಸ್ಮರಿಸುವ ಪೋಷಕರು ಕೆಂಪೇಗೌಡರೇ. ಬೆಂಗಳೂರಿನಲ್ಲಿ ಊರು ಕಟ್ಟಿದವರಿಗೂ ಶಿವಗಂಗೆಯಲ್ಲಿ ಸೇವೆ ಸಲ್ಲಿಸಿದವರಿಗೂ ಇದ್ದ ಸಂಬಂಧವನ್ನು ಜನಮನವು ಸುರಂಗದ ರೂಪದಲ್ಲಿ ನೆನಪಿಟ್ಟುಕೊಂಡಿದೆ. ಧುಮುಕಿದ ಕಥೆಯು ಶಾಸನವನ್ನು ಮರೆಸುತ್ತದೆ. ಸುರಂಗದ ಕಥೆಯು ಇತಿಹಾಸವನ್ನು ನೆನಪಿಸುತ್ತದೆ. ಐತಿಹ್ಯಗಳನ್ನು ವಿವೇಚಿಸುವಾಗ ಈ ವ್ಯತ್ಯಾಸವನ್ನು ತಿಳಿಯಬೇಕು.

ಕೆಂಪೇಗೌಡರ ಸೇವೆಗೆ ಬೆಟ್ಟದಲ್ಲಿ ಕಣ್ಣಿಗೆ ಕಾಣುವ ಸಾಕ್ಷ್ಯಗಳಿವೆ. ಒಂದು, ಅವರ ಹೆಸರಿನ ಹಜಾರ. ಇನ್ನೊಂದು, ಗಂಗಾಧರೇಶ್ವರನ ಗುಡಿಯಲ್ಲಿರುವ ಕೆಂಪೇಗೌಡನ ಲೋಹಪ್ರತಿಮೆ. ಸಾವನದುರ್ಗದಲ್ಲಿ ಆಜ್ಞೆ ಮಾಡುತ್ತಿದ್ದ ವಂಶದ ಪ್ರಭುವು ಇಲ್ಲಿ ದೇವರ ಮುಂದೆ ಭಕ್ತನಾಗಿ ನಿಂತಿದ್ದಾನೆ. ಲೇಖನದ ಮೊದಲಿನಲ್ಲಿ ಎತ್ತಿದ ಪ್ರಶ್ನೆಗೆ ಉತ್ತರವು ಇದರಲ್ಲಿಯೇ ಅಡಗಿದೆ. ದುರ್ಗಕ್ಕೆ ಒಡೆಯನು ಒಬ್ಬನೇ. ಅವನ ಶತ್ರುವೇ ಅದರ ಶತ್ರು. ಅವನು ಬಿದ್ದ ದಿನ ಅದೂ ಬೀಳುತ್ತದೆ. ಅದರ ಗೋಡೆಯು ಇದ್ದುದೇ ಜನರು ಒಳಗೆ ಬಾರದಿರಲೆಂದು. ತೀರ್ಥದ ಮೆಟ್ಟಿಲು ಇರುವುದು ಜನರು ಮೇಲೆ ಬರಲೆಂದು. 1728ರಲ್ಲಿ ಮಾಗಡಿಯ ಪ್ರಭುತ್ವವು ಅಳಿದಾಗ ಶಿವಗಂಗೆಯು ಒಬ್ಬ ಪೋಷಕನನ್ನು ಮಾತ್ರ ಕಳೆದುಕೊಂಡಿತು; ಕಾಣಿಕೆ ಹೊತ್ತು ಬರುವ ಹಳ್ಳಿಗಳು, ಮಠಗಳ ಶಿಷ್ಯರು, ಸಂಕ್ರಾಂತಿಯ ಜಾತ್ರೆಗೆ ಗಾಡಿ ಕಟ್ಟುವ ರೈತರು ಹಾಗೆಯೇ ಉಳಿದರು. ಗೆದ್ದವರಿಗೂ ಅದನ್ನು ಕೆಡವುವುದರಿಂದ ಪ್ರಯೋಜನವಿರಲಿಲ್ಲ. ಅವರೂ ಬಂದು ಕೈಮುಗಿಯಬಹುದಾಗಿದ್ದಿತು.

ಈಚೆಗೆ ಈ ಬೆಟ್ಟಗಳಿಗೆ ಹೊಸ ಬಗೆಯ ಪ್ರವಾಸಿಗಳು ಬರುತ್ತಿದ್ದಾರೆ. ಅವರಿಗೆ ಸಾವನದುರ್ಗವೂ ಶಿವಗಂಗೆಯೂ ಒಂದೇ ಬಗೆಯ ಏರುದಾರಿಗಳು. ಶಿಖರವನ್ನು ಮುಟ್ಟಿ ಇಳಿದರೆ ಕೆಲಸ ಮುಗಿಯಿತು. ಆಯಾಸವೂ ಆನಂದವೂ ಅವರಿಗೆ ದೊರೆಯುವುವು ನಿಜ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಅಲ್ಲಿಗೆ ಹೋದಾಗ ಇಷ್ಟಕ್ಕೆ ತೃಪ್ತರಾಗಬಾರದು. ಮೆಟ್ಟಿಲು ಹತ್ತುವಾಗ ಯಾವ ಸಂಗತಿಗೆ ಶಾಸನದ ಆಧಾರ, ಯಾವುದಕ್ಕೆ ಕಟ್ಟಡದ ಆಧಾರ, ಯಾವುದಕ್ಕೆ ಬಾಯಿಮಾತಿನ ಆಧಾರ ಎಂಬುದನ್ನು ಬೇರೆಬೇರೆಯಾಗಿ ಬರೆದುಕೊಳ್ಳಲಿ. ಪ್ರಪಾತವನ್ನು ತೋರಿಸಿ ಯಾರಾದರೂ ರಾಣಿಯ ಕಥೆಯನ್ನು ಹೇಳಿದಾಗ, ಬೆಳಗೊಳದ ಶಾಸನವು ಏನು ಹೇಳುತ್ತದೆಂಬುದನ್ನು ವಿನಯದಿಂದ ತಿಳಿಸಲಿ. ಶಾಂತಲೆಯು ಆ ಬೆಟ್ಟಕ್ಕೆ ಬಂದುದು ಯಾತ್ರಿಕಳಾಗಿ. ಅವಳಿಗೆ ಆ ಗೌರವವನ್ನು ಹಿಂದಿರುಗಿಸಿಕೊಡುವುದು ಇತಿಹಾಸವನ್ನು ಓದಿದವರ ಕರ್ತವ್ಯ.