ಜೇಮ್ಸ್ ಮೆಕ್ಯೂನ್ ಸ್ಮಿತ್ ಓದಿದ ವಿಶ್ವವಿದ್ಯಾಲಯ

ಗ್ಲ್ಯಾಸ್ಗೊ ವಿಶ್ವವಿದ್ಯಾಲಯದ ಯೂನಿವರ್ಸಿಟಿ ಅವೆನ್ಯೂ ರಸ್ತೆಯಲ್ಲಿ 2021ರಲ್ಲಿ ಒಂದು ದೊಡ್ಡ ಕಲಿಕಾ ಕೇಂದ್ರ ಬಾಗಿಲು ತೆರೆಯಿತು. ಸುಮಾರು 9 ಕೋಟಿ ಪೌಂಡ್ ಖರ್ಚಿನಲ್ಲಿ ಕಟ್ಟಿದ್ದು, 2,500 ವಿದ್ಯಾರ್ಥಿಗಳಿಗೆ ಸ್ಥಳವಿದೆ. ಪರೀಕ್ಷೆ ಹತ್ತಿರ ಬಂದಾಗ ನಮ್ಮ ಮಕ್ಕಳೂ ಅಲ್ಲಿ ಸೀಟು ಹಿಡಿಯಲು ಬೆಳಗ್ಗೆಯೇ ಹೊರಡುತ್ತಾರೆ. ಕಟ್ಟಡಕ್ಕಿಟ್ಟಿರುವ ಜೇಮ್ಸ್ ಮೆಕ್ಯೂನ್ ಸ್ಮಿತ್ ಎಂಬ ಹೆಸರು ಯಾರದೆಂದು ಕೇಳಿದರೆ ಮಾತ್ರ, ‘ಯಾರೋ ಹಳೇ ಕಾಲದ ಡಾಕ್ಟರಂತೆ’ ಎನ್ನುವುದರಾಚೆ ಉತ್ತರ ಬರುವುದಿಲ್ಲ. ಸ್ಕಾಟ್ಲೆಂಡ್ ಕನ್ನಡಿಗರ ಈ ರಾಜ್ಯೋತ್ಸವ ಸಂಚಿಕೆಗೆ ಏನು ಬರೆಯಲಿ ಎಂದು ಯೋಚಿಸಿದಾಗ ನೆನಪಾದದ್ದು ಆ ಡಾಕ್ಟರೇ.

ಸ್ಮಿತ್ ಹುಟ್ಟಿದ್ದು 1813ರಲ್ಲಿ, ನ್ಯೂಯಾರ್ಕಿನಲ್ಲಿ, ಗುಲಾಮನಾಗಿ. 1827ರ ಜುಲೈ 4ರಂದು ನ್ಯೂಯಾರ್ಕ್ ರಾಜ್ಯದ ಕಾಯ್ದೆಯ ಪ್ರಕಾರ ಬಿಡುಗಡೆ ಸಿಕ್ಕಿತು. ಆಫ್ರಿಕನ್ ಮೂಲದ ಮಕ್ಕಳಿಗೆಂದೇ ಇದ್ದ ಆಫ್ರಿಕನ್ ಫ್ರೀ ಸ್ಕೂಲಿನಲ್ಲಿ ಹುಡುಗ ಎಲ್ಲರಿಗಿಂತ ಮುಂದು. 1824ರಲ್ಲಿ ಫ್ರಾನ್ಸಿನ ಸೇನಾನಿ ಲಫಾಯೆಟ್ ಶಾಲೆಗೆ ಬಂದಾಗ ಸ್ವಾಗತ ಭಾಷಣ ಮಾಡಿದವನು ಹನ್ನೊಂದು ವರ್ಷದ ಈ ಜೇಮ್ಸ್. ಅಷ್ಟಾದರೂ ವೈದ್ಯನಾಗಬೇಕೆಂದು ಕೊಲಂಬಿಯಾ ಕಾಲೇಜಿಗೆ ಅರ್ಜಿ ಹಾಕಿದಾಗ ಸೀಟು ಸಿಗಲಿಲ್ಲ. ಜಿನೀವಾ ಮೆಡಿಕಲ್ ಕಾಲೇಜೂ ಕೊಡಲಿಲ್ಲ. ಅಡ್ಡ ಬಂದದ್ದು ಅಂಕವಲ್ಲ, ಚರ್ಮದ ಬಣ್ಣ. ಗುಲಾಮಗಿರಿಯ ವಿರೋಧಿಗಳು ಹಣ ಕೂಡಿಸಿ 1832ರಲ್ಲಿ ಅವರನ್ನು ಹಡಗು ಹತ್ತಿಸಿದರು. ಗ್ಲ್ಯಾಸ್ಗೊ ಸೇರಿಸಿಕೊಂಡಿತು. 1835ರಲ್ಲಿ ಬಿ.ಎ., 1836ರಲ್ಲಿ ಎಂ.ಎ., 1837ರಲ್ಲಿ ಎಂ.ಡಿ. ವೈದ್ಯ ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವರು.

ಸಾಧಾರಣವಾಗಿ ಭಾಷಣಗಳು ಇಲ್ಲಿಗೆ ನಿಂತು ಚಪ್ಪಾಳೆ ಗಿಟ್ಟಿಸುತ್ತವೆ. ಸ್ಮಿತ್ ನನಗೆ ದೊಡ್ಡವರಾಗಿ ಕಾಣುವುದು ಇದರ ಮುಂದಿನ ಸಂಗತಿಯಿಂದ. ಗ್ಲ್ಯಾಸ್ಗೊದಲ್ಲಿ ಲೈಂಗಿಕ ರೋಗ ತಗುಲಿದ ಬಡ ಹೆಂಗಸರಿಗೆಂದು ಲಾಕ್ ಆಸ್ಪತ್ರೆ ಇತ್ತು. ಅಲ್ಲಿಯ ಹಿರಿಯ ವೈದ್ಯ ಅಲೆಕ್ಸಾಂಡರ್ ಹ್ಯಾನೆ, ರೋಗಿಗಳ ಒಪ್ಪಿಗೆ ಕೇಳದೆ ಅವರ ಮೇಲೆ ಸಿಲ್ವರ್ ನೈಟ್ರೇಟ್ ಪ್ರಯೋಗಿಸುತ್ತಿದ್ದ. ಅದನ್ನೇ ಗುಣಕಾರಿ ಔಷಧವೆಂದು ಹೇಳಿಕೊಳ್ಳುತ್ತಿದ್ದ. ಅಲ್ಲಿ ಕೆಲಸ ಕಲಿಯುತ್ತಿದ್ದ ಸ್ಮಿತ್ ಅದನ್ನು ಕಣ್ಣಾರೆ ಕಂಡರು. 1837ರಲ್ಲಿ ‘ಲಂಡನ್ ಮೆಡಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಎರಡು ಲೇಖನ ಬರೆದು ಆ ಚಿಕಿತ್ಸೆಯ ಬಣ್ಣ ಬಯಲು ಮಾಡಿದರು. ಆಗ ಅವರಿಗೆ 24 ವರ್ಷ. ಪರದೇಶ, ಕೈಯಲ್ಲಿ ಹೊಸ ಪದವಿ, ಎದುರಿಗೆ ಊರಿನ ದೊಡ್ಡ ಡಾಕ್ಟರು. ವೀಸಾ ಮುಗಿಯುತ್ತದೆ, ರೆಫರೆನ್ಸ್ ಲೆಟರ್ ಬೇಕು ಎಂದು ಎಷ್ಟೋ ಸಲ ಬಾಯಿ ಮುಚ್ಚಿಕೊಂಡಿರುವ ನಮ್ಮಂಥವರಿಗೆ ಅದರ ತೂಕ ಬೇಗ ತಿಳಿಯುತ್ತದೆ.

ನ್ಯೂಯಾರ್ಕಿಗೆ ಹಿಂದಿರುಗಿ ಔಷಧದಂಗಡಿ ತೆರೆದರು, ಕಪ್ಪು ಅನಾಥ ಮಕ್ಕಳ ಆಶ್ರಮಕ್ಕೆ ಸುಮಾರು ಇಪ್ಪತ್ತು ವರ್ಷ ವೈದ್ಯರಾಗಿದ್ದರು. 1840ರ ಅಮೆರಿಕದ ಜನಗಣತಿ ಒಂದು ವಿಚಿತ್ರ ಲೆಕ್ಕ ಕೊಟ್ಟಿತ್ತು: ದಕ್ಷಿಣದ ಗುಲಾಮರಿಗಿಂತ ಉತ್ತರದ ಸ್ವತಂತ್ರ ಕಪ್ಪು ಜನರಲ್ಲೇ ಹುಚ್ಚು ಹೆಚ್ಚಂತೆ! ಗುಲಾಮಗಿರಿಯೇ ಅವರಿಗೆ ಹಿತ ಎಂದು ವಾದಿಸುವವರಿಗೆ ಅಷ್ಟು ಸಾಕಾಗಿತ್ತು. ಆ ಗಣತಿಯನ್ನು ಬಿಡಿಸಿ ನೋಡಿದರೆ, ಕಪ್ಪು ಜನ ಒಬ್ಬರೂ ಇಲ್ಲದ ಊರುಗಳಲ್ಲೂ ‘ಹುಚ್ಚು ಹಿಡಿದ ಕಪ್ಪು ಜನ’ರ ಸಂಖ್ಯೆ ನಮೂದಾಗಿತ್ತು. ಸ್ಮಿತ್ ಅಂಕಿಅಂಶ ಹಿಡಿದೇ ಆ ಸುಳ್ಳನ್ನು ಎದುರಿಸಿದರು. 1855ರಲ್ಲಿ, ಗುಲಾಮಗಿರಿಯಿಂದ ಪಾರಾಗಿ ಅದರ ವಿರುದ್ಧ ಹೋರಾಡುತ್ತಿದ್ದ ಫ್ರೆಡರಿಕ್ ಡಗ್ಲಸ್ ಅವರ ಎರಡನೆಯ ಆತ್ಮಕಥೆಗೆ ಮುನ್ನುಡಿ ಬರೆದವರೂ ಇವರೇ. 1863ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಗಲಭೆಯಲ್ಲಿ ದೊಂಬಿ ಆ ಅನಾಥಾಶ್ರಮಕ್ಕೆ ಬೆಂಕಿ ಇಟ್ಟಿತು. ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಗಿಲಿನಿಂದ ಪಾರು ಮಾಡಬೇಕಾಯಿತು. ಸ್ಮಿತ್ 1865ರಲ್ಲಿ ತೀರಿಕೊಂಡರು. ಅವರ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 2010ರಲ್ಲಿ, ವಂಶಸ್ಥರು ಹುಡುಕಿಕೊಂಡು ಬಂದ ಮೇಲೆ.

ಇಂಥವರನ್ನು ಓದಿಸಿದ ಸಂಸ್ಥೆ ಹೆಮ್ಮೆ ಪಡಲಿ, ತಪ್ಪಿಲ್ಲ. ಆದರೆ ಹೆಮ್ಮೆಯ ಜೊತೆ ಲೆಕ್ಕವನ್ನೂ ಒಪ್ಪಿಸಬೇಕಲ್ಲ? ಗ್ಲ್ಯಾಸ್ಗೊ ಆ ಕೆಲಸಕ್ಕೆ ಕೈ ಹಾಕಿತು ಎಂಬುದೇ ನನ್ನ ಮಟ್ಟಿಗೆ ಅದರ ಹೆಚ್ಚುಗಾರಿಕೆ.

ಈ ವಿಶ್ವವಿದ್ಯಾಲಯ 1791ರಲ್ಲಿ, ಗುಲಾಮರ ವ್ಯಾಪಾರ ನಿಲ್ಲಿಸಲು ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸ್‌ಗೆ ಗೌರವ ಪದವಿ ಕೊಟ್ಟಿತ್ತು, 1792ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿಗೆ ಮನವಿ ಕಳಿಸಿತ್ತು. ಬಹಳ ಕಾಲ ಊರಿನವರು ಹೇಳಿಕೊಂಡು ಬಂದದ್ದು ಈ ಭಾಗವನ್ನು ಮಾತ್ರ. 2018ರಲ್ಲಿ ಇತಿಹಾಸಕಾರರಾದ ಸ್ಟೀಫನ್ ಮಲೆನ್ ಮತ್ತು ಸೈಮನ್ ನ್ಯೂಮನ್ ಸಿದ್ಧಪಡಿಸಿದ ವರದಿ ಇನ್ನೊಂದು ಮಗ್ಗುಲನ್ನು ತೆರೆದಿಟ್ಟಿತು. ಮನವಿ ಬರೆದ ಅದೇ ಸಂಸ್ಥೆ ಗುಲಾಮರು ದುಡಿದು ಬೆಳೆದ ಸಕ್ಕರೆ, ತಂಬಾಕು, ಹತ್ತಿಯಲ್ಲಿ ಹಣ ಮಾಡಿದವರ ದತ್ತಿಗಳನ್ನು ಎರಡೂ ಕೈಯಲ್ಲಿ ಪಡೆದಿತ್ತು. ಇಂದಿನ ಬೆಲೆಗೆ ಹೊಂದಿಸಿದರೆ ಆ ಮೊತ್ತ 1 ಕೋಟಿ 67 ಲಕ್ಷ ಪೌಂಡಿನಿಂದ 19 ಕೋಟಿ 80 ಲಕ್ಷ ಪೌಂಡಿನವರೆಗೆ. ಲೆಕ್ಕ ಹಾಕುವ ರೀತಿಯ ಮೇಲೆ ಅಂತರ ಅಷ್ಟು ದೊಡ್ಡದಾಗುತ್ತದೆ. ಗಿಲ್ಮೋರ್‌ಹಿಲ್ ಗುಡ್ಡದ ಮೇಲಿನ ಈಗಿನ ಆವರಣಕ್ಕೆ ವಿಶ್ವವಿದ್ಯಾಲಯ ಬಂದದ್ದು 1870ರಲ್ಲಿ. ಅದಕ್ಕೂ ಮೊದಲು ಅಲ್ಲಿದ್ದ ಬಂಗಲೆ ವೆಸ್ಟ್ ಇಂಡೀಸ್ ವರ್ತಕ ರಾಬರ್ಟ್ ಬೋಗಲ್ ಕಟ್ಟಿಸಿದ್ದು. ಸ್ಮಿತ್ ಓದಿದ್ದು ಹೈ ಸ್ಟ್ರೀಟಿನ ಹಳೆಯ ಕಾಲೇಜಿನಲ್ಲಿ, ಈ ಗುಡ್ಡದಲ್ಲಲ್ಲ.

ಈ ಜಮಾಖರ್ಚಿನಲ್ಲಿ ಕರ್ನಾಟಕದ್ದೂ ಒಂದು ಪುಟವಿದೆ. ಬಳ್ಳಾರಿ ಸೀಮೆಯವರು ಥಾಮಸ್ ಮನ್ರೋ ಹೆಸರು ಕೇಳಿಯೇ ಇರುತ್ತಾರೆ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಕೆನರಾಕ್ಕೆ ಕಲೆಕ್ಟರಾಗಿ ಬಂದು, ನಂತರ ಬಳ್ಳಾರಿ, ಅನಂತಪುರ, ಕಡಪ ಸೇರಿದ ದತ್ತ ಜಿಲ್ಲೆಗಳಲ್ಲಿ ರೈತವಾರಿ ಕಂದಾಯ ನೆಲೆಗೊಳಿಸಿದವನು, ಕೊನೆಗೆ ಮದರಾಸಿನ ಗವರ್ನರ್ ಆದವನು. ಮನ್ರೋ ಹುಟ್ಟಿದ್ದು ಗ್ಲ್ಯಾಸ್ಗೊದಲ್ಲಿ, ಓದಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ತಂದೆ ವರ್ಜೀನಿಯಾದೊಂದಿಗೆ ವ್ಯಾಪಾರ ಮಾಡುತ್ತಿದ್ದ ವರ್ತಕ. ವರ್ಜೀನಿಯಾದ ವ್ಯಾಪಾರವೆಂದರೆ ಮುಖ್ಯವಾಗಿ ಗುಲಾಮರು ಬೆಳೆದ ತಂಬಾಕು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಆ ವ್ಯಾಪಾರ ಮುಳುಗಿತು, ಮನೆತನ ದಿವಾಳಿಯಾಯಿತು, ಮಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ ಮದರಾಸಿನ ಹಡಗು ಹತ್ತಿದ. ವರ್ಜೀನಿಯಾದ ಹೊಲದಲ್ಲಿ ಆದದ್ದಕ್ಕೂ ಬಳ್ಳಾರಿಯ ಹೊಲದ ಕಂದಾಯಕ್ಕೂ ಒಂದೇ ಮನೆಯ ಮೂಲಕ ನಂಟು ಬೆಳೆದದ್ದು ಹೀಗೆ. ಆತ ಆಳಿದ ಕೆನರಾದ ಕಾಡಂಚಿನಲ್ಲೇ, ಯಲ್ಲಾಪುರ, ಹಳಿಯಾಳ, ಅಂಕೋಲೆಗಳಲ್ಲಿ, ಆಫ್ರಿಕಾ ಮೂಲದ ನಮ್ಮ ಸಿದ್ದಿಗಳಿದ್ದಾರೆ. ಅವರಲ್ಲಿ ಒಬ್ಬರು, ಶಾಂತಾರಾಮ ಸಿದ್ದಿ, ರಾಜ್ಯದ ವಿಧಾನ ಪರಿಷತ್ತಿಗೆ ಬರಲು 2020ರವರೆಗೆ ಕಾಯಬೇಕಾಯಿತು. ಗ್ಲ್ಯಾಸ್ಗೊಗೆ ಬುದ್ಧಿ ಹೇಳುವ ಮುನ್ನ ಇದೂ ನೆನಪಿರಲಿ.

ವರದಿ ಬಂದ ಮರುವರ್ಷ, 2019ರಲ್ಲಿ, ವಿಶ್ವವಿದ್ಯಾಲಯ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದೊಂದಿಗೆ ಒಪ್ಪಂದ ಮಾಡಿಕೊಂಡಿತು. ಇಪ್ಪತ್ತು ವರ್ಷಗಳಲ್ಲಿ 2 ಕೋಟಿ ಪೌಂಡ್ ಕೂಡಿಸಿ ಜಂಟಿ ಸಂಶೋಧನಾ ಕೇಂದ್ರ ನಡೆಸುವ ಯೋಜನೆ ಅದು. ಬ್ರಿಟನ್ನಿನ ಮಟ್ಟಿಗೆ ದೊಡ್ಡ ಹೆಜ್ಜೆಯೇ. ಆದರೂ ಪಡೆದದ್ದರ ಗರಿಷ್ಠ ಅಂದಾಜಿನ ಮುಂದೆ ಇದು ಹತ್ತರಲ್ಲೊಂದು ಪಾಲು; ಸಂದಾಯವಾಗುವುದೂ ಸಂಶೋಧನೆಯ ರೂಪದಲ್ಲಿ. ಇದನ್ನು ಸಾಲ ತೀರಿಸಿದ್ದು ಎನ್ನಲಾಗದು, ಸಾಲ ಇದೆ ಎಂದು ಒಪ್ಪಿಕೊಂಡದ್ದು ಎನ್ನಬಹುದು.

ವಿದ್ಯಾರ್ಥಿಗಳು ಆಡಳಿತಕ್ಕಿಂತ ಬಹಳ ಮುಂದಿದ್ದರು. ಇಲ್ಲಿ ವಿದ್ಯಾರ್ಥಿಗಳ ಪರವಾಗಿ ಮಾತಾಡುವ ರೆಕ್ಟರ್ ಹುದ್ದೆಗೆ ವಿದ್ಯಾರ್ಥಿಗಳೇ ಮತ ಹಾಕುತ್ತಾರೆ. 1962ರಲ್ಲಿ ಅವರು ಆರಿಸಿದ್ದು ದಕ್ಷಿಣ ಆಫ್ರಿಕದ ವರ್ಣಭೇದ ವಿರೋಧಿ ನಾಯಕ ಆಲ್ಬರ್ಟ್ ಲುಥುಲಿಯವರನ್ನು. ಅಲ್ಲಿಯ ಸರ್ಕಾರ ವಿಧಿಸಿದ್ದ ನಿರ್ಬಂಧದಿಂದ ಅವರು ಬರಲಾಗಲಿಲ್ಲ. ಬರಲಾಗದವರೆಂದು ಗೊತ್ತಿದ್ದೇ ಆರಿಸಿದ್ದರಲ್ಲಿ ಪ್ರತಿಭಟನೆಯಿತ್ತು. 1987ರಲ್ಲಿ ಅದೇ ಹೋರಾಟದ ವಿನ್ನಿ ಮಂಡೇಲಾ ಆರಿಸಿ ಬಂದರು. ಬ್ರಿಟನ್ನಿನಲ್ಲಿ ಅಕ್ಟೋಬರ್ ತಿಂಗಳನ್ನು ಕಪ್ಪು ಜನರ ಇತಿಹಾಸ ನೆನೆಯುವ ಬ್ಲ್ಯಾಕ್ ಹಿಸ್ಟರಿ ಮಂತ್ ಎಂದು ಆಚರಿಸಲು ತೊಡಗಿದ್ದೂ ಅದೇ 1987ರಲ್ಲಿ, ಲಂಡನ್ನಿನಲ್ಲಿ.  

ಈ ಹೆಮ್ಮೆಗೆಲ್ಲ 2021ರ ಫೆಬ್ರವರಿಯಲ್ಲಿ ಕುತ್ತು ಬಂತು. ಅದನ್ನು ತಂದುಕೊಂಡದ್ದು ವಿಶ್ವವಿದ್ಯಾಲಯವೇ. ತನ್ನ ಆವರಣದೊಳಗಿನ ಜನಾಂಗಭೇದದ ಬಗ್ಗೆ ತಾನೇ ಮಾಡಿಸಿದ ಅಧ್ಯಯನವನ್ನು ಅದು ಪ್ರಕಟಿಸಿತು. ಸಮೀಕ್ಷೆಗೆ ಉತ್ತರಿಸಿದ ಅಲ್ಪಸಂಖ್ಯಾತ ಜನಾಂಗಗಳ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ, ಓದು ಆರಂಭಿಸಿದ ಮೇಲೆ ಜನಾಂಗದ ಕಾರಣಕ್ಕೆ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ದೂರು ಕೊಟ್ಟವರು ಕಡಿಮೆ. ವಿಶ್ವವಿದ್ಯಾಲಯದ ಮುಖ್ಯಸ್ಥರು ಕ್ಷಮೆ ಕೇಳಿದರು. ಸ್ಮಿತ್ ಹೆಸರಿನ ಕಟ್ಟಡ ತೆರೆದ ವರ್ಷವೇ ಈ ವರದಿಯೂ ಬಂತು. ಇವೆರಡರಲ್ಲಿ ನಾನು ವರದಿಗೇ ಹೆಚ್ಚು ಮರ್ಯಾದೆ ಕೊಡುತ್ತೇನೆ.

ಕಿರುಕುಳ ಅನುಭವಿಸಿದವರ ಆ ಅಂಕಿಯಲ್ಲಿ ನಮ್ಮ ಮಕ್ಕಳೂ ಸೇರುತ್ತಾರೆ. ಬಸ್ ಸ್ಟಾಪಿನಲ್ಲಿ, ಹಾಸ್ಟೆಲಿನ ಅಡುಗೆಮನೆಯಲ್ಲಿ ಕೇಳಿದ ಮಾತನ್ನು ‘ಬಿಡು, ಓದಲು ಬಂದಿದ್ದೀಯ’ ಎಂದು ನುಂಗಿಸುವವರು ಹೆಚ್ಚಿನ ಸಲ ಅಪ್ಪ ಅಮ್ಮಂದಿರೇ. ಇನ್ನೊಂದು ಕಡೆ, ಮಗಳು ನೈಜೀರಿಯದ ಸಹಪಾಠಿಯನ್ನು ಮನೆಗೆ ಕರೆತರುತ್ತೇನೆಂದರೆ ನಮ್ಮ ಮುಖದ ಬಣ್ಣ ಬದಲಾಗುತ್ತದೆ. ಬೆಳ್ಳಗಿನ ಸೊಸೆಯೇ ಬೇಕೆನ್ನುವ ಜಾಹೀರಾತಂತೂ ನಿಂತೇ ಇಲ್ಲ.

ಆದ್ದರಿಂದ ನಮ್ಮ ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ಒಂದು ಕೋರಿಕೆ. ಮುಂದಿನ ವರ್ಷ ನವೆಂಬರಿನ ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡುವಾಗಲೇ ಬ್ಲ್ಯಾಕ್ ಹಿಸ್ಟರಿ ಮಂತ್‌ಗೆಂದು ಅಕ್ಟೋಬರಿನ ಒಂದು ಭಾನುವಾರವನ್ನೂ ಸೇರಿಸಿ ಬುಕ್ ಮಾಡಿ. ಊರಿನ ಆಫ್ರಿಕನ್, ಕೆರಿಬಿಯನ್ ಕುಟುಂಬಗಳನ್ನು ಕರೆಯೋಣ. ಸ್ಮಿತ್ ಬಗ್ಗೆ ನಮ್ಮ ಮಕ್ಕಳಲ್ಲೇ ಒಬ್ಬರು ಹತ್ತು ನಿಮಿಷ ಮಾತಾಡಲಿ. ಊಟದ ಹೊಣೆ ನಾವು ಕೆಲವರು ಹೊರುತ್ತೇವೆ.